ಹೆಣ್ಣುಮಕ್ಕಳ ಹೆಸರು ಪಹಣಿಗೂ ಬರಲಿ

(ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ವೇದಿಕೆ ಮೇಲೆ ನಿಂತು ಹೆಣ್ಣನ್ನು ದೇವತೆ ಅನ್ನುವುದು ಸುಲಭ. ನಾವು ಪಹಣಿ ವಿಚಾರ ಮಾತಾಡುತ್ತೇವೆ. ನಾಟಿ, ಕಳೆ, ಹಾಲು ಕರೆಯೋದು ಎಲ್ಲಾ ಅವರದ್ದು; ಪಹಣಿ ಮಾತ್ರ ಗಂಡಸರ ಹೆಸರಲ್ಲಿ. ಪಹಣಿ ಇಲ್ಲದಿದ್ದರೆ ಬೆಳೆಸಾಲ ಹುಟ್ಟುವುದಿಲ್ಲ. ಸಾಲವೇ ಸಿಗದ ಮೇಲೆ ಸದಸ್ಯರಾಗಲು ಯಾರು ಬರುತ್ತಾರೆ? ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನ ಇದೆ, ಸರಿ. ನಿಲ್ಲೋಕೆ ಮೊದಲು ಸದಸ್ಯತ್ವ ಬೇಕಲ್ಲ!

ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂಬ ಹಿಂದೂ ಉತ್ತರಾಧಿಕಾರ ತಿದ್ದುಪಡಿ ನಮ್ಮ ರಾಜ್ಯದಲ್ಲಿ 1994ರಲ್ಲೇ ಜಾರಿಗೆ ಬಂತು. ಅದಕ್ಕೂ ಮೊದಲೇ ಮದುವೆಯಾದವರನ್ನು ಅದು ಬಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದೇನೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಊರುಗಳಲ್ಲಿ ನಡೆಯುವುದೇ ಬೇರೆ. ಅಕ್ಕತಂಗಿಯರನ್ನು ಹಬ್ಬಕ್ಕೆ ಕರೆದು, ಸೀರೆ, ಅರಿಶಿನ-ಕುಂಕುಮ ಕೊಟ್ಟು, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ತವರಿನ ಬಾಗಿಲು ಮುಚ್ಚೀತು ಅಂತ ಅವಳೂ ಹಾಕ್ತಾಳೆ. ಪಕ್ಕದಲ್ಲಿ ಮನೆ ಹುಡುಗ ನೋಡುತ್ತಾ ನಿಂತಿರುತ್ತಾನೆ. ಶಾಲೆಯಲ್ಲಿ ಮೇಷ್ಟ್ರು ಎಷ್ಟು ಸಮಾನತೆಯ ಪಾಠ ಮಾಡಿದರೂ, ಅವನು ಕಲಿಯೋದು ಇಲ್ಲಿ.

ಪೌತಿ ಖಾತೆ ಮಾಡಿಸುವಾಗ ವಂಶವೃಕ್ಷದಲ್ಲಿ ತಾಯಿ, ಅಕ್ಕತಂಗಿಯರ ಹೆಸರು ಬಿಡದೆ ಬರೆಸಿ. ಪಹಣಿ ಬಂದ ಮೇಲೆ ಅವರನ್ನು ಸಂಘಕ್ಕೆ ಕರೆತನ್ನಿ. ಸದಸ್ಯತ್ವದ ಅರ್ಜಿ ಕಾರ್ಯದರ್ಶಿಗಳ ಹತ್ತಿರ ಇದೆ.