ಐದು ಲೀಟರ್ ಬಿಯರ್, ಒಂದು ಅಬಕಾರಿ ಕಾಯ್ದೆ

ಇವತ್ತು ರಾಜಕೀಯ ಬೇಡ. ಎಂ.ಕೆ. ಹುಬ್ಬಳ್ಳಿಯಿಂದ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಬೆಂಗಳೂರಿನಲ್ಲಿ ಕೆಲಸ ಮಾಡಿ ಊರಿಗೆ ಮರಳಿದ ಹುಡುಗ. "ಸರ್, ಮನೆಯಲ್ಲೇ ಐದು ಲೀಟರ್ ಬಿಯರ್ ಮಾಡೋ ವಿಡಿಯೋ ನೋಡಿದೆ. ಮಾರೋದಿಲ್ಲ, ನಾನು ಮತ್ತು ಇಬ್ಬರು ಗೆಳೆಯರು ಕುಡಿಯೋಕೆ ಅಷ್ಟೇ. ಶುರು ಮಾಡಲಾ?"

ನಗಬೇಡಿ. ಪ್ರಶ್ನೆ ಬಂದಿರೋ ಊರು ನೋಡಿ. ಬೆಳಗಾವಿ-ಧಾರವಾಡದ ನಡುವೆ, ಹೆದ್ದಾರಿ ಪಕ್ಕ, ಮಲಪ್ರಭೆಯ ದಂಡೆ. ಹೊಳೆಯಲ್ಲಿ ಗಂಗಾಂಬಿಕೆಯ ಐಕ್ಯಮಂಟಪ, ಊರಲ್ಲಿ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಸುತ್ತ ಕಬ್ಬು. ಕಬ್ಬಿನಿಂದ ಬೆಲ್ಲ, ಸಕ್ಕರೆ. ಸಕ್ಕರೆ ತೆಗೆದ ಮೇಲೆ ಉಳಿಯೋ ಕಾಕಂಬಿಯಿಂದ ಸ್ಪಿರಿಟ್. ಇಂಥ ಸೀಮೆಯಲ್ಲಿ "ಮನೆಯಲ್ಲಿ ಮಾಡಿದ್ದು" ಅಂದ ಕೂಡಲೇ ಜನರ ಕಣ್ಣಿಗೆ ಬರೋದು ಬಿಯರ್ ಅಲ್ಲ, ಬೆಲ್ಲದ ಕೊಳೆ ತುಂಬಿದ ಕೊಡ. ಕಳ್ಳಭಟ್ಟಿ.

ಎರಡೂ ಒಂದೇ ಅಲ್ಲ ಅನ್ನೋದನ್ನ ಮೊದಲು ಬಿಡಿಸಿ ಹೇಳ್ತೀನಿ. ಬಿಯರನ್ನು ಭಟ್ಟಿ ಇಳಿಸೋದಿಲ್ಲ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ್ರೆ ಮಾಲ್ಟ್. ಐದು ಲೀಟರಿಗೆ ಸುಮಾರು ಒಂದೂಕಾಲು ಕಿಲೋ ಮಾಲ್ಟ್ ಸಾಕು. ಅದನ್ನು ಕಡಿ ಮಾಡಿ 65ರಿಂದ 68 ಡಿಗ್ರಿ ಬಿಸಿನೀರಲ್ಲಿ ಒಂದು ತಾಸು ಇಟ್ಟರೆ, ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಹಿಟ್ಟನ್ನು ಸಕ್ಕರೆ ಮಾಡ್ತವೆ. 80 ಡಿಗ್ರಿಗೆ ಏರಿದ್ರೆ ಕಿಣ್ವ ಸತ್ತವು, ಗಂಜಿ ಗಂಜಿಯಾಗೇ ಉಳೀತು. ಸೋಸಿದ ಸಿಹಿನೀರನ್ನು ಹಾಪ್ಸ್ ಅನ್ನೋ ಕಹಿ ಹೂವಿನ ಜೊತೆ ಒಂದು ತಾಸು ಕುದಿಸಿ, 20 ಡಿಗ್ರಿಗೆ ಆರಿಸಿ, ಯೀಸ್ಟ್ ಹಾಕಿ ಎರಡು ವಾರ ಮುಚ್ಚಿಡೋದು. ಅಷ್ಟೇ. ಬರೋ ಮದ್ಯಸಾರ ನೂರಕ್ಕೆ ನಾಲ್ಕೈದು. ಎಂಜಿನಿಯರಿಂಗ್ ಓದಿದ ನನಗಂತೂ ಇದು ಕುಡಿತಕ್ಕಿಂತ ಥರ್ಮಾಮೀಟರಿನ ಆಟ ಅನ್ನಿಸುತ್ತೆ. ಏಪ್ರಿಲ್ ಬಿಸಿಲಲ್ಲಿ, ಕರೆಂಟ್ ಹೋಗಿ ಬರೋ ಊರಲ್ಲಿ, ಎರಡು ವಾರ 20 ಡಿಗ್ರಿ ಹಿಡಿದಿಡೋದು ಹೇಗೆ ಅಂತ ಆ ವಿಡಿಯೋದಲ್ಲಿ ಹೇಳಿರಲ್ಲ ಬಿಡಿ.

ಅಪಾಯ ಇಲ್ವಾ? ಇದೆ. ಪಾತ್ರೆ ಸ್ವಚ್ಛ ಇಲ್ಲದಿದ್ರೆ ಹುಳಿಯಾಗುತ್ತೆ, ಚೆಲ್ಲಬೇಕು. ಬಾಟಲಿಗೆ ತುಂಬುವಾಗ ನೊರೆಗೆ ಅಂತ ಹಾಕೋ ಸಕ್ಕರೆ ಲೀಟರಿಗೆ ಆರೇಳು ಗ್ರಾಂ ದಾಟಿದ್ರೆ ಅನಿಲ ಹೆಚ್ಚಾಗಿ ಬಾಟಲಿ ಸಿಡೀಬಹುದು. ಆದ್ರೆ ಧಾನ್ಯ ಹುದುಗು ಬರಿಸಿದ ಬಿಯರಿನಿಂದ ಕಣ್ಣು ಹೋಗಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಅದು ಕಳ್ಳ ಮದ್ಯಕ್ಕೆ ಬೆರೆತ ಮೆಥನಾಲಿನಿಂದ. ಅದು ಕಾರ್ಖಾನೆಗಳಲ್ಲಿ ಬಳಸೋ ರಾಸಾಯನಿಕ.

ಇನ್ನು ಕೆಲವರು, ಬಾರ್ಲಿ ಯಾಕೆ, ನಮ್ಮ ಸವದತ್ತಿ-ರಾಮದುರ್ಗದ ಜೋಳ ಇದೆಯಲ್ಲ ಅಂತಾರೆ. ಒಳ್ಳೆ ಮಾತು. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದನ್ನೇ ನಿಲ್ಲಿಸಿದಾಗ ಅಲ್ಲಿನ ದೊಡ್ಡ ದೊಡ್ಡ ಬಿಯರ್ ಕಂಪನಿಗಳು ಜೋಳಕ್ಕೆ ತಿರುಗಿದವು. ಆದ್ರೆ ಹುಷಾರು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರು ಮೇಯ್ದು ದನ ಸಾಯ್ತವೆ ಅಂತ ನಿಮ್ಮ ಊರಿನ ಯಾವ ರೈತನನ್ನ ಕೇಳಿದ್ರೂ ಹೇಳ್ತಾನೆ. ಸಯನೈಡ್ ಬಿಡೋ ಆ ಅಂಶ ಜೋಳದ ಮೊಳಕೆಯಲ್ಲೂ ಇರುತ್ತೆ. ಚೆನ್ನಾಗಿ ಒಣಗಿಸಿ, ಮೊಳಕೆಯನ್ನೂ ಬೇರನ್ನೂ ಉಜ್ಜಿ ತೆಗೆಯದೆ ಬಳಸೋ ಹಾಗಿಲ್ಲ.

ಈಗ ಕಾನೂನು. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಅದಕ್ಕಂತ ಸಾಮಾನು-ಪಾತ್ರೆ ಇಟ್ಟುಕೊಳ್ಳೋದೂ ಅಪರಾಧ. ಬಿಯರೂ ಮದ್ಯವೇ. ಮಾರಲ್ಲ, ಐದೇ ಲೀಟರ್ ಅಂದ್ರೆ ಬಿಡ್ತಾರಾ? ಇಲ್ಲ. ಬ್ರಿಟನ್ 1963ರಲ್ಲಿ ಮನೆ ಬಿಯರಿಗೆ ಲೈಸೆನ್ಸ್ ತೆಗೆದುಹಾಕಿತು. ಅಮೆರಿಕ 1978ರಲ್ಲಿ ಒಬ್ಬ ವಯಸ್ಕರಿಗೆ ವರ್ಷಕ್ಕೆ 100 ಗ್ಯಾಲನ್, ಅಂದ್ರೆ ಸುಮಾರು 380 ಲೀಟರ್ ತೆರಿಗೆ ಇಲ್ಲದೆ ಮಾಡಿಕೊಳ್ಳಲು ಬಿಟ್ಟಿತು, ಮಾರಬಾರದು ಅನ್ನೋ ಷರತ್ತಿನ ಮೇಲೆ. ನಮ್ಮಲ್ಲಿ ಬೆಂಗಳೂರಿನ ಪಬ್ಬಿನೊಳಗೆ, ಗಾಜಿನ ಹಿಂದೆ ತಾಮ್ರದ ಟ್ಯಾಂಕ್ ಇಟ್ಟು ಬಿಯರ್ ಮಾಡೋಕೆ ಅನುಮತಿ ಸಿಕ್ಕಿ ಹತ್ತು ವರ್ಷದ ಮೇಲಾಯ್ತು. ಲೈಸೆನ್ಸ್ ಫೀ ಕಟ್ಟೋ ಶಕ್ತಿ ಇದ್ದವನಿಗೆ ಅದು ಉದ್ಯಮ. ಇದೇ ಕೆಲಸ ಎಂ.ಕೆ. ಹುಬ್ಬಳ್ಳಿಯ ಅಡುಗೆಮನೆಯಲ್ಲಿ ಕೇಸು. ಇದು ಸರಿನಾ? ಸರಿ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಹುದುಗು ಬರಿಸೋದಕ್ಕೂ ಭಟ್ಟಿ ಇಳಿಸೋದಕ್ಕೂ ಕಾಯ್ದೆ ವ್ಯತ್ಯಾಸ ಮಾಡಬೇಕು.

ಆದ್ರೆ ನಾಳೆನೇ ಆ ಬಾಗಿಲು ತೆಗೀರಿ ಅಂತ ಈ ಸ್ಟುಡಿಯೋದಲ್ಲಿ ಕೂತು ಹೇಳೋಕೆ ನನಗೆ ಧೈರ್ಯ ಬರಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯ್ತು. ಕುಡಿತ ಬಂದ್ ಆಯ್ತಾ? 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡಕೊಂಡು ಬಂದರು. ಕೂಲಿ ದುಡ್ಡು ಸಂಜೆ ಎಲ್ಲಿಗೆ ಹೋಗುತ್ತೆ ಅಂತ ಕಂಡವರು ಅವರು. "ಮನೆ ಬಳಕೆಗೆ ಐದು ಲೀಟರ್" ಅಂತ ನಿಯಮ ಮಾಡಿದ್ರೆ, ಕೊಡದಲ್ಲಿ ಐದೇ ಇದೆಯಾ ಐವತ್ತು ಇದೆಯಾ ಅಂತ ಹಳ್ಳಿಯಲ್ಲಿ ಅಳೆಯೋರು ಯಾರ್ರೀ? ಗೆಳೆಯರಿಗೆ ಮಾಡೋ ಈ ಹುಡುಗನ ಹೆಸರಲ್ಲಿ ಪಕ್ಕದ ಓಣಿಯಲ್ಲಿ ಇನ್ನೊಬ್ಬ ಬೆಲ್ಲ ಕೊಳೆಸ್ತಾನೆ. ಅದರ ಲೆಕ್ಕ ಕೊನೆಗೆ ಬರೋದು ಆ ಮನೆಯ ಹೆಂಗಸಿನ ಪಾಲಿಗೆ.

ಹಾಗಾಗಿ ತಮ್ಮಾ, ಇವತ್ತಿನ ಕಾನೂನಲ್ಲಿ ಉತ್ತರ: ಬೇಡ. ಆದ್ರೆ ನಿನಗೆ ನಿಜವಾಗಿ ಕಲಿಯೋ ಹಂಬಲ ಇದ್ರೆ ಬಿಯರಿನ ಅರ್ಧ ಕೆಲಸಕ್ಕೆ ಯಾವ ಲೈಸೆನ್ಸೂ ಬೇಡ. ಅರ್ಧ ಕಿಲೋ ರಾಗಿ ರಾತ್ರಿಯಿಡೀ ನೆನೆಸು. ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಮೊಳಕೆ ಬರಿಸು. ಬಿಸಿಲಿಗೆ ಒಣಗಿಸು, ಹುರಿಯಬೇಡ, ಹುರಿದ್ರೆ ಕಿಣ್ವ ಹೋಗುತ್ತೆ. ಬೀಸಿಸು. ಎರಡು ಲೀಟರ್ ನೀರಲ್ಲಿ ಕಲಸಿ, ಥರ್ಮಾಮೀಟರ್ ಇಟ್ಟು, ಒಂದು ತಾಸು 65 ಡಿಗ್ರಿ ಹಿಡಿ. ಮೊದಲು ಒಂದು ಚಮಚ ರುಚಿ ನೋಡು, ತಾಸಿನ ನಂತರ ಇನ್ನೊಂದು ಚಮಚ. ಒಂದು ಚೂರೂ ಸಕ್ಕರೆ ಹಾಕದ ನೀರು ಸಿಹಿಯಾಗಿರುತ್ತೆ. ಆಮೇಲೆ ಒಂದು ಕುದಿ ಕುದಿಸಿ, ಬೆಚ್ಚಗಿರುವಾಗಲೇ ಮನೆಯವರಿಗೂ ಒಂದೊಂದು ಲೋಟ ಕೊಡು. ಉಳಿದಿದ್ದನ್ನು ರಾತ್ರಿ ಹೊರಗಡೆ ಇಡಬೇಡ, ಫ್ರಿಜ್ಜಿನಲ್ಲಿಡು. ಇಲ್ಲದಿದ್ರೆ ಗಾಳಿಯಲ್ಲಿರೋ ಯೀಸ್ಟು ಯಾವ ಕಾಯ್ದೆಯನ್ನೂ ಓದದೆ ಕೆಲಸ ಶುರು ಮಾಡುತ್ತೆ.