ಉಂಗುರದ ಕಲ್ಲು, ಮಾರುವವನ ಮಾತು

(ಜುಮಾ ಖುತ್ಬಾದ ಸಾರಾಂಶ)





ಪ್ರವಾದಿಯವರು(ಸ) ಒಮ್ಮೆ ಧಾನ್ಯದ ರಾಶಿಯೊಂದರ ಪಕ್ಕದಲ್ಲಿ ಹಾದುಹೋಗುತ್ತಿದ್ದರು. ಮೇಲ್ನೋಟಕ್ಕೆ ಕಾಳು ಚೆನ್ನಾಗಿಯೇ ಇತ್ತು. ಕೈಯನ್ನು ರಾಶಿಯೊಳಗೆ ಹಾಕಿದಾಗ ಬೆರಳಿಗೆ ತೇವ ತಗಲಿತು. ಇದೇನೆಂದು ಕೇಳಿದರು. ಮಳೆಗೆ ನೆನೆಯಿತು ಎಂದ ಮಾರುವವನು. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ವಿಚಾರಿಸಿದ ಪ್ರವಾದಿಯವರು(ಸ), ಮೋಸ ಮಾಡುವವನು ತಮ್ಮವನಲ್ಲ ಎಂದು ಸ್ಪಷ್ಟಪಡಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಹದೀಸನ್ನು ವ್ಯಾಪಾರಿಗಳಿಗೆ ಎಚ್ಚರಿಕೆಯೆಂದು ನಾವು ಎಷ್ಟೋ ಸಲ ಕೇಳಿದ್ದೇವೆ. ಇಂದು ಕೊಳ್ಳುವವರ ಕಡೆಯಿಂದ ನೋಡೋಣ. ಪ್ರವಾದಿಯವರು(ಸ) ಮೇಲಿನ ಕಾಳನ್ನು ನೋಡಿ ಮುಂದೆ ಹೋಗಲಿಲ್ಲ, ಕೈ ಒಳಗೆ ಹಾಕಿ ನೋಡಿದರು.

ಮೊಬೈಲಿನ ಪರದೆಯೊಳಗೆ ಕೈ ಹಾಕಲಾಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಈಚೆಗೆ ನಮ್ಮ ಜಮಾಅತಿನ ಎರಡು ಮನೆಯವರು ಬಂದು ಕಷ್ಟ ಹೇಳಿಕೊಂಡರು. ಒಂದು ಮನೆಯಲ್ಲಿ ಮಹರ್ ಆಗಿ ಮಾಣಿಕ್ಯದ ಉಂಗುರವೆಂದು ನಿಕಾಹ್‌ನಲ್ಲಿ ಬರೆಸಿದ್ದರು. ಮದುಮಗ ಅದನ್ನು ಆನ್‌ಲೈನ್‌ನಲ್ಲಿ ತರಿಸಿದ್ದ. ಅಳತೆ ಸರಿಮಾಡಿಸಲು ಒಯ್ದಾಗ, ಇದು ಗಾಜು ತುಂಬಿದ ಕಲ್ಲು ಎಂದು ಅಕ್ಕಸಾಲಿ ಹೇಳಿದರು. ಇನ್ನೊಂದು ಮನೆಯ ತಾಯಿ ಹೊಲಿಗೆಯಿಂದ ಕೂಡಿಟ್ಟ ಹಣ ಕೊಟ್ಟು, ಮಗನಿಗೆ ಕೆಲಸ ಸಿಗಲೆಂದು 'ದುಆ ಓದಿದ ಯಮನಿ ಅಕೀಕ್' ತರಿಸಿದ್ದರು.

ಎರಡನೆಯದನ್ನು ಮೊದಲು ಹೇಳುತ್ತೇವೆ. ಈ ಕಲ್ಲು ಕೆಲಸ ಕೊಡಿಸುತ್ತದೆ, ನಝರ್ ತೆಗೆಯುತ್ತದೆ, ಮದುವೆ ಕೂಡಿಸುತ್ತದೆ ಎಂದು ಹೇಳುವ ಮಾರಾಟಗಾರನನ್ನು ಇನ್ನು ಪರೀಕ್ಷಿಸುವ ಅಗತ್ಯವೇ ಇಲ್ಲ. ಅಲ್ಲಿಂದಲೇ ಎದ್ದು ಬನ್ನಿ. ಹಝ್ರತ್ ಉಮರ್(ರ) ಹಜರುಲ್ ಅಸ್ವದನ್ನು ಚುಂಬಿಸುವಾಗಲೇ, ನೀನು ಲಾಭವನ್ನೂ ನಷ್ಟವನ್ನೂ ಮಾಡಲಾರದ ಕಲ್ಲು ಎಂಬರ್ಥದ ಮಾತು ಹೇಳಿದರು. ಕಅಬಾದ ಕಲ್ಲಿನ ವಿಷಯದಲ್ಲೇ ಹೀಗಿರುವಾಗ ಕೊರಿಯರ್‌ನಲ್ಲಿ ಬಂದ ಕಲ್ಲಿನ ಮಾತೇನು? ಪ್ರವಾದಿಯವರು(ಸ) ಬೆಳ್ಳಿಯ ಉಂಗುರ ಧರಿಸಿದ್ದರು, ಅದರ ಕಲ್ಲು ಅಬಿಸೀನಿಯಾದ್ದೆಂದು ಹದೀಸಿನಲ್ಲಿ ಬಂದಿದೆ. ಪತ್ರಗಳಿಗೆ ಮೊಹರು ಒತ್ತಲು ಉಂಗುರ ಮಾಡಿಸಿಕೊಂಡಿದ್ದರು. ಅಕೀಕ್ ಧರಿಸಿದರೆ ಬರಕತ್ ಎಂದು ಜಾಹೀರಾತುಗಳಲ್ಲಿ ಹಾಕುವ ರಿವಾಯತ್‌ಗಳನ್ನು ಹದೀಸ್ ವಿದ್ವಾಂಸರು ಸಹೀಹ್ ಎಂದು ಒಪ್ಪಿಲ್ಲ. ಚೆಂದಕ್ಕೆ ಧರಿಸಿ, ಅಡ್ಡಿಯಿಲ್ಲ. (ಗಂಡಸರಿಗೆ ಚಿನ್ನದ ಉಂಗುರ ಸಲ್ಲದು ಎಂಬುದನ್ನು ಪ್ರತಿ ಮದುವೆಯಲ್ಲೂ ಹೇಳಬೇಕಾಗಿ ಬರುತ್ತಿದೆ.) ಆದರೆ ಗೈಬ್‌ನ ವಿಷಯದಲ್ಲಿ ಇಷ್ಟು ಸಲೀಸಾಗಿ ಸುಳ್ಳು ಹೇಳುವವನು ಗಾಜಿನ ವಿಷಯದಲ್ಲಿ ನಿಜ ಹೇಳುತ್ತಾನೆಯೇ? ಹೆಸರಿನಲ್ಲಿ 'ಮದೀನಾ', ಚಿತ್ರದಲ್ಲಿ ಹಸಿರು ಗುಂಬಜ್, ಮೆಸೇಜಿನ ಆರಂಭದಲ್ಲಿ ಸಲಾಮ್ ಇದ್ದರೆ ನಮ್ಮವರ ಕೈ ಜೇಬಿಗೆ ಹೋಗುತ್ತದೆ. ಮಾರುವವನಿಗೂ ಅದು ಗೊತ್ತು.

ಇನ್ನು ಪ್ರಾಮಾಣಿಕನನ್ನು ಗುರುತಿಸುವುದು ಹೇಗೆ? ನಾವು ಕೇಳುವ ಮೊದಲೇ ಐಬು ಹೇಳುವುದು ಅವನ ಗುರುತು. ಹಾಲು ಹೆಚ್ಚಿರುವಂತೆ ಕಾಣಲೆಂದು ಕೆಚ್ಚಲು ಕಟ್ಟಿ, ಕರೆಯದೆ ಬಿಟ್ಟ ಆಡನ್ನೋ ಒಂಟೆಯನ್ನೋ ಮಾರುವುದನ್ನು ಪ್ರವಾದಿಯವರು(ಸ) ತಡೆದರು. ಅಂಥ ಪ್ರಾಣಿಯನ್ನು ಕೊಂಡವನಿಗೆ ಹಿಂದಿರುಗಿಸುವ ಹಕ್ಕನ್ನೂ ಕೊಟ್ಟರು. ಕಲ್ಲಿನ ಪೇಟೆಯಲ್ಲೂ ಕೆಚ್ಚಲು ಕಟ್ಟುವುದಿದೆ. ಬಿರುಕು ಬಿಟ್ಟ ಅಗ್ಗದ ಮಾಣಿಕ್ಯಕ್ಕೆ ಸೀಸದ ಗಾಜು ತುಂಬಿದರೆ ತಿಳಿಯಾಗಿ ಹೊಳೆಯುತ್ತದೆ. ಅಡುಗೆಮನೆಯಲ್ಲಿ ನಿಂಬೆರಸ ತಗಲಿದರೂ ಆ ಗಾಜು ಕೆಡಬಹುದು. ಹೌಲೈಟ್ ಎಂಬ ಬಿಳಿ ಕಲ್ಲಿಗೆ ನೀಲಿ ಬಣ್ಣ ಹಾಕಿ ಫಿರೋಜಾ ಎಂದು ಮಾರುತ್ತಾರೆ. ಪಚ್ಚೆಯ ಬಿರುಕಿಗೆ ಎಣ್ಣೆ ಇಳಿಸುತ್ತಾರೆ. ಗುಜರಾತಿನ ಖಂಭಾತ್‌ನಲ್ಲಿ ಅಕೀಕನ್ನು ಬಿಸಿ ಮಾಡಿ ಕೆಂಪಾಗಿಸುವುದು ಶತಮಾನಗಳ ಹಳೆಯ ಕಸುಬು. ಹೇಳಿ ಮಾರಿದರೆ ಇವು ಯಾವುವೂ ಮೋಸವಲ್ಲ. ಖಂಭಾತಿನ ಕಲ್ಲನ್ನು ಯಮನಿ ಎಂದರೆ ಮೋಸ. ಆದ್ದರಿಂದ ಹಣ ಕಳಿಸುವ ಮೊದಲು ಬರಹದಲ್ಲಿ ಕೇಳಿ: ನೈಸರ್ಗಿಕವೋ, ಲ್ಯಾಬಿನಲ್ಲಿ ಬೆಳೆಸಿದ್ದೋ? ಬಿಸಿ, ಬಣ್ಣ, ಗಾಜು, ಎಣ್ಣೆ ಏನಾದರೂ ಆಗಿದೆಯೇ? ಕ್ಯಾರೆಟ್‌ನಲ್ಲಿ ತೂಕವೆಷ್ಟು? ಒಂದು ಕ್ಯಾರೆಟ್ ಎಲ್ಲ ಕಡೆಯೂ 0.2 ಗ್ರಾಂ. ರತ್ತಿಯ ಲೆಕ್ಕ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಉತ್ತರದ ಬದಲು 'ಇವತ್ತೇ ಕೊನೆಯ ದಿನ' ಎಂದು ಅವಸರ ಮಾಡಿದರೆ ನಿಮಗೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ.

ಮಹರ್‌ನಂಥ ದೊಡ್ಡ ಮೊತ್ತಕ್ಕೆ ಪ್ರಯೋಗಾಲಯದ ವರದಿಯಿಲ್ಲದೆ ಕೊಳ್ಳಬೇಡಿ. ಅಂಗಡಿಯವನೇ ಅಚ್ಚು ಹಾಕಿಸಿದ ಕಾರ್ಡು ವರದಿಯಲ್ಲ. ಜಿಐಎ, ಐಜಿಐ ಮುಂತಾದ ಹೆಸರಾಂತ ಪ್ರಯೋಗಾಲಯದ್ದಾದರೆ ವರದಿಯ ಸಂಖ್ಯೆಯನ್ನು ಆ ಪ್ರಯೋಗಾಲಯದ ವೆಬ್‌ಸೈಟ್‌ನಲ್ಲಿ ನೀವೇ ಹಾಕಿ ನೋಡಿ. ಮಾರುವವನು ಕಳಿಸಿದ ಲಿಂಕ್ ಅಥವಾ ಕ್ಯೂಆರ್ ಕೋಡಿನಿಂದ ನೋಡಬೇಡಿ, ಅದು ಅವನೇ ಕಟ್ಟಿದ ಪುಟಕ್ಕೂ ಕರೆದೊಯ್ಯಬಹುದು. ತೂಕ, ಅಳತೆ, ಬಣ್ಣ ಕೈಯಲ್ಲಿರುವ ಕಲ್ಲಿಗೆ ಹೊಂದಬೇಕು. ಒಳ್ಳೆಯ ಕಲ್ಲಿನ ವರದಿಯನ್ನು ಬೇರೆ ಕಲ್ಲಿಗೆ ಅಂಟಿಸುವವರಿದ್ದಾರೆ. ಇನ್ನು ಉಂಗುರದ ಮೇಲಿನ ಹಾಲ್‌ಮಾರ್ಕ್ ಚಿನ್ನ ಅಥವಾ ಬೆಳ್ಳಿಯ ಶುದ್ಧತೆಗೆ ಮಾತ್ರ. ಕಲ್ಲಿನ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ.

"ಐದು ನಕ್ಷತ್ರ ಇದೆಯಲ್ಲ ಹಜರತ್" ಎನ್ನುತ್ತಾರೆ ನಮ್ಮ ಹುಡುಗರು. ಕೊಳ್ಳುವ ಇರಾದೆಯಿಲ್ಲದೆ, ಬೇರೆಯವರನ್ನು ಮರುಳು ಮಾಡಲು ಬೆಲೆ ಏರಿಸುವುದಕ್ಕೆ ಹದೀಸಿನಲ್ಲಿ 'ನಜಶ್' ಎನ್ನುತ್ತಾರೆ, ಅದು ನಿಷಿದ್ಧ. ಬಾಡಿಗೆಯ ಹೊಗಳಿಕೆ ನಮ್ಮ ಕಾಲದ ನಜಶ್. ಮಾರುವವನೇ ಗ್ರಾಹಕನ ವೇಷದಲ್ಲಿ ಹೊಗಳಿ ಬರೆಯುವುದನ್ನು ನಮ್ಮ ದೇಶದ 2020ರ ಇ-ಕಾಮರ್ಸ್ ನಿಯಮಗಳೂ ತಡೆದಿವೆ. ಹೊಗಳಿಕೆ ಬಿಟ್ಟು ದೂರುಗಳನ್ನು ಓದಿ. ಹಣ ವಾಪಸು ಕೇಳಿದವರಿಗೆ ಏನಾಯಿತು ಎಂಬುದು ಅಲ್ಲಿರುತ್ತದೆ.

ಅದೇ ನಿಯಮಗಳ ಪ್ರಕಾರ ವಿಳಾಸ, ಸಂಪರ್ಕ, ದೂರು ಕೇಳುವ ಅಧಿಕಾರಿಯ ವಿವರ ಎದುರಿಗೇ ಇರಬೇಕು. ಜಿಎಸ್‌ಟಿ ಸಂಖ್ಯೆಯನ್ನು ಸರಕಾರದ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ಕಾಣುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ರಾಜಸ್ಥಾನಕ್ಕೆ 08. ಜೈಪುರದ ಅಂಗಡಿ ಎನ್ನುತ್ತಾ ಬೇರೆ ರಾಜ್ಯದ ಸಂಖ್ಯೆ ಕೊಟ್ಟರೆ ಕಾರಣ ಕೇಳಿ. ಅಂಗಡಿಯ ಹೆಸರು ಒಂದು, ಯುಪಿಐಯಲ್ಲಿ ಬರುವ ಹೆಸರು ಯಾರದೋ ಆದರೆ ಹಣ ಹಾಕಬೇಡಿ.

ಕಾಣದೆ ಕೊಂಡದ್ದನ್ನು ಕಂಡ ಮೇಲೆ ಬೇಡವೆನ್ನುವ ಹಕ್ಕು ಹನಫಿ ಫಿಕ್ಹ್‌ನಲ್ಲಿದೆ, ಅದಕ್ಕೆ ಖಿಯಾರೆ ರುಯತ್ ಎನ್ನುತ್ತಾರೆ. ಶಾಫಿಈ ಮದ್‌ಹಬ್ ಈ ವಿಷಯದಲ್ಲಿ ಇನ್ನೂ ಬಿಗಿಯಾಗಿದೆ, ಕರಾವಳಿಯ ಬಂಧುಗಳು ತಮ್ಮ ಖತೀಬರನ್ನು ಕೇಳಿಕೊಳ್ಳಲಿ. ಹಾಗಾಗಿ 'ಮಾರಿದ್ದನ್ನು ವಾಪಸು ಪಡೆಯುವುದಿಲ್ಲ' ಎಂದು ಬರೆದವನ ಬಳಿ ಕಾಣದ ಕಲ್ಲು ಕೊಳ್ಳಬೇಡಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿ, ವಾಪಸಿನ ಅವಧಿ ಮುಗಿಯುವ ಮೊದಲು ಪರಿಚಯದ ಅಕ್ಕಸಾಲಿಗೆ ತೋರಿಸಿ.

ಇಷ್ಟೆಲ್ಲ ಕೇಳುವುದು ಬದ್‌ಗುಮಾನಿ ಅಲ್ಲವೇ ಎಂದು ಕೆಲವರು ಸಂಕೋಚಪಡುತ್ತಾರೆ. ಗುಮಾನಿಯನ್ನು ತಡೆದ ಸೂರಾ ಹುಜುರಾತ್‌ನಲ್ಲೇ, ಬಂದ ಸುದ್ದಿಯನ್ನು ಪರಿಶೀಲಿಸುವ ಆದೇಶವೂ ಇದೆ. ನಿಜವಾದ ವ್ಯಾಪಾರಿಗೆ ನಮ್ಮ ಪ್ರಶ್ನೆಯಿಂದ ನೋವಾಗುವುದಿಲ್ಲ, ಅವನಿಗೆ ಹೇಳಲು ಉತ್ತರವಿರುತ್ತದೆ.

ಮೋಸ ಹೋದವರು ನಾಚಿಕೆಯಿಂದ ಸುಮ್ಮನಿರಬೇಡಿ. ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಸ್ತು ಬಂದು ಅದು ಹೇಳಿದ್ದಲ್ಲವಾದರೆ ಗ್ರಾಹಕರ ಸಹಾಯವಾಣಿ 1915. ಬಿಲ್ಲು, ಮೆಸೇಜು, ವಿಡಿಯೊ ಅಳಿಸಬೇಡಿ.

ಇನ್ನು ಆ ಮಹರ್‌ನ ಉಂಗುರ. ಮಾರಿದವನು ಹಣ ಕೊಡಲಿ, ಬಿಡಲಿ, ಆ ಜಗಳ ಹುಡುಗನದು. ಮಾಣಿಕ್ಯವೆಂದು ಬರೆಸಿ ಗಾಜು ಕೊಟ್ಟರೆ ಹುಡುಗಿಯ ಹಕ್ಕು ಹುಡುಗನ ಮೇಲೆ ಬಾಕಿಯೇ ಉಳಿಯುತ್ತದೆ. ಆಕೆ ದೊಡ್ಡ ಮನಸ್ಸು ಮಾಡಿ ಬಿಟ್ಟರೆ ಅದು ಆಕೆಯ ಇಷ್ಟ, ಅತ್ತೆ ಮನೆಯವರು ಬಿಡು ಎಂದು ಒತ್ತಾಯಿಸುವಂತಿಲ್ಲ. ಬಾಕಿ ಎಷ್ಟೆಂಬುದನ್ನು ಎರಡೂ ಮನೆಯವರು ಕೂತು ತೀರ್ಮಾನಿಸಬೇಕು. ಇಂಥ ಸಂಗತಿ ಬೇರೆ ಮನೆಗಳಲ್ಲೂ ಇದ್ದರೆ ನಿಕಾಹ್‌ನಾಮಾ ಮತ್ತು ಬಿಲ್ಲು ತೆಗೆದುಕೊಂಡು ಬನ್ನಿ, ಅಸರ್ ನಂತರ ನಾವು ಮಸೀದಿಯಲ್ಲೇ ಇರುತ್ತೇವೆ.