ಬಿದ್ರಿಯ ಊರಿನಲ್ಲಿ ಯೆಜ್ಡಿ

ಬೀದರದವನಾದ ನನಗೆ ಕಸುಬಿನ ಅಳತೆಗೋಲೆಂದರೆ ಬಿದ್ರಿ ಕೆಲಸ. ಸತು-ತಾಮ್ರಗಳ ಎರಕದಲ್ಲಿ ಗೆರೆ ಕೊರೆದು, ಬೆಳ್ಳಿ ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಕುಶಲಕರ್ಮಿಗೆ ಕೂದಲೆಳೆಯ ತಪ್ಪೂ ಸಹ್ಯವಲ್ಲ. ಮೋಟಾರ್‌ಸೈಕಲ್ ದುರಸ್ತಿಯ ಅಂಗಡಿಯನ್ನೂ ಇದೇ ಕೋಲಿನಿಂದ ಅಳೆಯಬಹುದೆಂದು ನನಗೆ ತೋರುತ್ತದೆ.

ನಮ್ಮ ರಾಜ್ಯದ ಇನ್ನೊಂದು ತುದಿಯಲ್ಲಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಗಾಡಿಗಳನ್ನೂ 1973ರಿಂದ ಯೆಜ್ಡಿ ಹೆಸರಿನವನ್ನೂ ತಯಾರಿಸಿತು. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ. ಕಿಕ್ ಹೊಡೆಯುವ ಕಡ್ಡಿಯೇ ಗೇರು ಬದಲಿಸುವ ಕಡ್ಡಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಉಳಿದವು, ಕಾರ್ಖಾನೆಯ ಬಿಡಿಭಾಗಗಳು ನಿಂತವು. ಆಗ ಕೈಹಿಡಿದವರು ಊರೂರಿನ ಮಿಸ್ತ್ರಿಗಳು. ಸವೆದ ಬುಶ್ಶಿಗೆ ಬದಲನ್ನು ಲೇಥಿನಲ್ಲಿ ಕಡೆದರು. ಸಿಲಿಂಡರನ್ನು ಬೋರ್ ಮಾಡಿ ದೊಡ್ಡ ಪಿಸ್ಟನ್ ಕೂಡಿಸಿದರು.

ಗಾಡಿಯ ರೂಪ ಬದಲಿಸುವುದೂ ಇಂದು ಒಂದು ಹವ್ಯಾಸ. ಟ್ಯಾಂಕಿಗೆ ಹೊಸ ಬಣ್ಣ, ಸೀಟಿಗೆ ಹೊಸ ಹೊದಿಕೆ ಎಂದರೆ ನನ್ನ ತಕರಾರಿಲ್ಲ. ಆದರೆ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸೈಲೆನ್ಸರಿನ ಒಡಲು ಕಿತ್ತು ಗಲ್ಲಿ ನಡುಗಿಸುವವನಿಗೆ ಸದ್ದೇ ಗಾಡಿ. ಮಿಸ್ತ್ರಿಯಾದರೋ ಆ ಸದ್ದಿಗೆ ಕಿವಿಗೊಟ್ಟು ಯಂತ್ರದ ರೋಗವೇನೆಂದು ಹೇಳುತ್ತಾನೆ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಹೊಸ ಗಾಡಿಗಳ ಮೇಲೆ ಮರಳಿ ಬಂದವು. ಹಳೆಯದನ್ನು ಓಡಿಸುವ ವಿದ್ಯೆ ಮಾತ್ರ ಕೈಯಿಂದ ಕೈಗೇ ದಾಟಬೇಕು. ಭಾಲ್ಕಿ, ಔರಾದಗಳ ತರುಣರು ಅದಕ್ಕಾಗಿ ಮಿಸ್ತ್ರಿಯ ಪಕ್ಕದಲ್ಲಿ ಕುಳಿತು ಕಲಿಯುವುದಾದರೆ, ಬಿದ್ರಿಯ ನಾಡಿಗೆ ಅದು ಹೊರಗಿನ ವಿದ್ಯೆ ಎನಿಸದು.